ಭ್ರಮೆಗೂ ಒಂದು ಕಾವಲಿರುತ್ತದೆ

ಭ್ರಮೆ ಮತ್ತು ವಾಸ್ತವದ ನಡುವೆ ಸಿಕ್ಕಿಕೊಂಡ ಒಬ್ಬನೇ ಮನುಷ್ಯನನ್ನು ಮೊದಲು ಸಣ್ಣಕಥೆಯಲ್ಲಿ ಬರೆದೆ, ಆಮೇಲೆ ಕಿರುಚಿತ್ರಕ್ಕೆ ಚಿತ್ರಕಥೆಯಾಗಿ ಬರೆದೆ. ಪಾತ್ರ ಅದೇ, ಘಟನೆಗಳೂ ಹೆಚ್ಚುಕಡಿಮೆ ಅವೇ. ಆದರೂ ಕಥೆಯಲ್ಲಿ ಒಂದು ಸಾಲಿಗೆ ಮುಗಿದ ಕೆಲಸಕ್ಕೆ ಚಿತ್ರದಲ್ಲಿ ಇಡೀ ದೃಶ್ಯವೇ ಬೇಕಾಯಿತು. ಕಥೆಯಲ್ಲಿ ಪುಟಗಟ್ಟಲೆ ಹಿಡಿದದ್ದು ಚಿತ್ರದಲ್ಲಿ ನಟ ಒಮ್ಮೆ ಕತ್ತು ತಿರುಗಿಸಿದ್ದರಲ್ಲೇ ಆಗಿಹೋಯಿತು. ಇಂಥ ಪಾತ್ರವನ್ನು ಬರೆಯಲು ಹೊರಟವರಿಗೆ ಉಪಯೋಗವಾಗಲೆಂದು ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳುತ್ತೇನೆ.

ನನ್ನ ಪಾತ್ರ ಒಬ್ಬ ವಯಸ್ಸಾದ ಹಾಡುಗಾರ. ಕಂಠ ಹೋಗಿ ಬಹಳ ಕಾಲವಾಗಿದೆ. ಅವರ ಕಿವಿಗೆ ಮಾತ್ರ ತಮ್ಮ ದನಿ ಹಿಂದಿನಂತೆಯೇ ಕೇಳಿಸುತ್ತದೆ. ಪಾಠಕ್ಕೆ ಬರುವ ಒಬ್ಬಳು ಶಿಷ್ಯೆ ಉಳಿದಿದ್ದಾಳೆ. ಇಷ್ಟೇ ಕಥೆ. ಇದರಲ್ಲಿ ದೆವ್ವವಿಲ್ಲ, ಕೊಲೆಯಿಲ್ಲ, ಕೊನೆಯಲ್ಲಿ ‘ಇದೆಲ್ಲ ಕನಸಾಗಿತ್ತು’ ಎನ್ನುವ ತಿರುವೂ ಇಲ್ಲ. ಓದುಗರನ್ನು ಬೇಸ್ತು ಬೀಳಿಸುವುದು ಒಂದು ಕೆಲಸ. ಮನುಷ್ಯನೊಬ್ಬ ತನ್ನನ್ನು ತಾನೇ ನಂಬಿಸಿಕೊಂಡು ದಿನ ದೂಡುವುದನ್ನು ತೋರಿಸುವುದು ಬೇರೆಯೇ ಕೆಲಸ. ನನಗೆ ಬೇಕಾಗಿದ್ದು ಎರಡನೆಯದು.

ದಾರಿ ತೋರಿಸಿದ್ದು ಸೆರ್ವಾಂಟಿಸ್‌ನ ಕಾದಂಬರಿ ‘ಡಾನ್ ಕ್ವಿಕ್ಸೋಟ್’. ಅದರ ಮೊದಲ ಭಾಗ ಬಂದದ್ದು 1605ರಲ್ಲಿ. ಗಾಳಿಯಂತ್ರಗಳನ್ನು ರಾಕ್ಷಸರೆಂದು ತಿಳಿದು ಮೇಲೆ ಬೀಳುವ ಪ್ರಸಂಗ ಎಲ್ಲರಿಗೂ ಗೊತ್ತು. ನಾನು ಮತ್ತೆ ಮತ್ತೆ ತೆರೆದು ಓದುವುದು ಮೊದಲನೇ ಅಧ್ಯಾಯದ ಒಂದು ಚಿಕ್ಕ ಸಂಗತಿಯನ್ನು. ವೀರನಾಗಿ ಹೊರಡಲು ಸಿದ್ಧನಾಗುತ್ತಿರುವ ಕ್ವಿಕ್ಸೋಟ್‌ನ ಹಳೆಯ ಶಿರಸ್ತ್ರಾಣಕ್ಕೆ ಮುಖ ಮುಚ್ಚುವ ಭಾಗವೇ ಇಲ್ಲ. ರಟ್ಟಿನಲ್ಲಿ ಅದನ್ನು ಮಾಡಿ ಜೋಡಿಸುತ್ತಾನೆ. ಗಟ್ಟಿಯಿದೆಯೇ ನೋಡಬೇಕೆಂದು ಕತ್ತಿಯಿಂದ ಹೊಡೆಯುತ್ತಾನೆ. ಒಂದು ವಾರದ ಕೆಲಸ ಮೊದಲ ಏಟಿಗೇ ಹಾಳಾಗುತ್ತದೆ. ಒಳಗೆ ಕಬ್ಬಿಣದ ಪಟ್ಟಿ ಕೊಟ್ಟು ಮತ್ತೆ ಮಾಡುತ್ತಾನೆ. ಈ ಸಲ ಹೊಡೆದು ನೋಡುವುದಿಲ್ಲ. ಇದಕ್ಕಿಂತ ಒಳ್ಳೆಯ ಶಿರಸ್ತ್ರಾಣ ಇಲ್ಲವೆಂದು ತೀರ್ಮಾನಿಸಿ ಮುಂದಿನ ಕೆಲಸಕ್ಕೆ ಹೋಗುತ್ತಾನೆ.

ಹೊಡೆಯದೆ ಬಿಟ್ಟ ಆ ಏಟಿನಲ್ಲಿ ಇಡೀ ಮನುಷ್ಯ ಇದ್ದಾನೆ. ಪೂರ್ತಿ ಭ್ರಮೆಯಲ್ಲಿದ್ದವನು ಧೈರ್ಯವಾಗಿ ಹೊಡೆಯುತ್ತಿದ್ದ. ಪೂರ್ತಿ ಎಚ್ಚರದಲ್ಲಿದ್ದವನು ಅದನ್ನು ತಲೆಗೇರಿಸುತ್ತಲೇ ಇರಲಿಲ್ಲ. ಎಲ್ಲಿ ಮುಟ್ಟಿದರೆ ಒಡೆಯುತ್ತದೆ ಎಂಬುದು ಅವನೊಳಗೆ ಎಲ್ಲೋ ಗೊತ್ತಿದೆ; ಆ ಜಾಗವನ್ನು ಅವನು ಕಾಯುತ್ತಾನೆ. ನಡುವೆ ಸಿಕ್ಕಿಕೊಳ್ಳುವುದು ಎಂದರೆ ಇದೇ ಎಂದು ನನಗೆ ಆಗ ಹೊಳೆಯಿತು. ಆದ್ದರಿಂದ ಪಾತ್ರ ಏನನ್ನು ನಂಬಿದೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು, ಏನನ್ನು ಪರೀಕ್ಷಿಸಿ ನೋಡಲು ಒಪ್ಪುವುದಿಲ್ಲ ಎಂದು ಕೇಳಿಕೊಳ್ಳತೊಡಗಿದೆ.

ನನ್ನ ಹಾಡುಗಾರರ ಮಟ್ಟಿಗೆ ಉತ್ತರ ಬೇಗ ಸಿಕ್ಕಿತು. ಅವರು ತಮ್ಮ ದನಿಯ ರೆಕಾರ್ಡಿಂಗ್ ಕೇಳುವುದಿಲ್ಲ. ಪಾಠಕ್ಕೆ ಬಂದವರು ಫೋನನ್ನು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟೇ ಒಳಗೆ ಬರಬೇಕು. ‘ವಿದ್ಯೆ ಕಿವಿಯಿಂದ ಕಿವಿಗೆ ಹೋಗಬೇಕು, ಯಂತ್ರಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ’ ಎನ್ನುತ್ತಾರೆ. ಮಾತು ತೂಕವಾಗಿಯೇ ಇದೆ. ಶಿಷ್ಯೆ ಅದನ್ನು ಗೌರವದಿಂದ ಪಾಲಿಸುತ್ತಾಳೆ. ಕಾವಲಿನ ಮಾತು ಹೀಗಿರಬೇಕು ಎಂಬುದು ನನ್ನ ಅನುಭವ. ಅದು ಕುಂಟುನೆಪದಂತೆ ಕಂಡರೆ ಓದುಗ ಎರಡನೇ ಪುಟದಲ್ಲೇ ಪಾತ್ರಕ್ಕಿಂತ ಜಾಣನಾಗಿಬಿಡುತ್ತಾನೆ, ಅಲ್ಲಿಂದ ಮುಂದೆ ಅವನಿಗೆ ಉಳಿಯುವುದು ಕನಿಕರ ಮಾತ್ರ. ಈ ಭ್ರಮೆಗೆ ದೇಹದ ಆಸರೆಯೂ ಇದೆ. ನಮ್ಮ ದನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲ, ತಲೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ. ಆ ದಾರಿಯಲ್ಲಿ ತಗ್ಗು ಸ್ವರದ ಕಂಪನಗಳು ಹೆಚ್ಚು ಬರುವುದರಿಂದ ನಮ್ಮ ಕಿವಿಗೆ ನಮ್ಮ ದನಿ ಹೆಚ್ಚು ತುಂಬಿಕೊಂಡಿರುತ್ತದೆ. ರೆಕಾರ್ಡ್ ಆದ ಸ್ವಂತ ದನಿ ಕೇಳಿ ‘ಇದು ನಾನಾ?’ ಎಂದು ಅಚ್ಚರಿಪಡದವರು ಕಡಿಮೆ. ಎಲ್ಲರಲ್ಲೂ ಇರುವ ಈ ಚಿಕ್ಕ ಅಂತರವೇ ಅವರಲ್ಲಿ ದೊಡ್ಡದಾಗಿದೆ. ಹುಚ್ಚನೊಬ್ಬನನ್ನು ದೂರದಿಂದ ನೋಡುವ ಭಾವ ಬಾರದಿರಲು ಇಂಥದೊಂದು ಬೇರು ಬೇಕಿತ್ತು.

ಬರವಣಿಗೆಯಲ್ಲಿ ನಾನು ಮೊದಲು ತೆಗೆದುಹಾಕಿದ್ದು ‘ಅವರಿಗೆ ಹಾಗನ್ನಿಸಿತು’, ‘ಎಂದು ಭ್ರಮಿಸಿದ್ದರು’, ‘ಕೇಳಿದಂತಾಯಿತು’ ಎಂಬ ಸಾಲುಗಳನ್ನು. ಇಂಥ ಒಂದು ಸಾಲು ಬಂದರೂ ನಿರೂಪಕ ಪಾತ್ರವನ್ನು ಬಿಟ್ಟು ಓದುಗನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಮೊದಲ ಕರಡಿನಲ್ಲಿ ಹೀಗಿತ್ತು: ‘ತಮ್ಮ ಕಂಠ ಇನ್ನೂ ಹಾಗೆಯೇ ಇದೆ ಎಂದು ಅವರು ತಿಳಿದಿದ್ದರು.’ ಅಚ್ಚಾದ ಕಥೆಯಲ್ಲಿ ಹೀಗಿದೆ: ‘ಮೇಲಿನ ಷಡ್ಜ ಮುಟ್ಟಿದಾಗ ಕಿಟಕಿಯ ಗಾಜು ಎಂದಿನಂತೆ ಸಣ್ಣಗೆ ನಡುಗಿತು. ಶಿಷ್ಯೆ ತಲೆ ತಗ್ಗಿಸಿ ಪುಸ್ತಕದ ಹಾಳೆ ತಿರುವಿದಳು.’ ಗಾಜು ನಡುಗಿದ್ದು ಅವರ ಲೋಕ, ಹಾಳೆ ತಿರುವಿದ್ದು ನಮ್ಮದು. ಎರಡಕ್ಕೂ ಒಂದೇ ಬಗೆಯ ವಾಕ್ಯ, ಒಂದೇ ನಂಬಿಕೆ. ಮುಂದೆ ಹಾಡು ಬಂದಾಗಲೆಲ್ಲ ಶಿಷ್ಯೆ ಏನಾದರೊಂದು ಮಾಡುತ್ತಾಳೆ: ಹಾಳೆ ತಿರುವುತ್ತಾಳೆ, ನೀರು ತರುತ್ತಾಳೆ, ಕೈ ಗಡಿಯಾರ ಸರಿಮಾಡಿಕೊಳ್ಳುತ್ತಾಳೆ. ಓದುಗ ಎಲ್ಲಿ ಅನುಮಾನಪಡಲು ಶುರುಮಾಡುತ್ತಾನೆ ಎಂಬುದನ್ನು ಅವನಿಗೇ ಬಿಟ್ಟೆ. ಪಾತ್ರದ ಒಳಮಾತನ್ನೇ ನಿರೂಪಕನ ಮಾತಾಗಿಸುವ ಈ ರೀತಿಯನ್ನು ಕಲಿಯಲು ಫ್ಲೋಬೇರ್‌ನ ‘ಮದಾಂ ಬೋವರಿ’ಗಿಂತ (1857) ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪ್ರೇಮಕಥೆಗಳನ್ನು ಓದಿ ಬೆಳೆದ ನಾಯಕಿ ಎಮ್ಮಾಳ ಹಂಬಲವನ್ನು ಆತ ಅವಳ ಬಣ್ಣದಲ್ಲೇ ಬರೆಯುತ್ತಾನೆ, ‘ಅವಳು ಹೀಗೆ ಅಂದುಕೊಂಡಳು’ ಎಂದು ಪದೇ ಪದೇ ನೆನಪಿಸಲು ಹೋಗುವುದಿಲ್ಲ.

ಚಿತ್ರಕಥೆಗೆ ಬಂದಾಗ ಈ ಅನುಕೂಲ ಕೈಬಿಟ್ಟುಹೋಯಿತು. ಕಥೆಯಲ್ಲಿ ಹಾಡು ಹೇಗಿತ್ತೆಂದು ಓದುಗ ಊಹಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಯಾವುದೋ ಒಂದು ದನಿ ಕೇಳಿಸಲೇಬೇಕು. ಅವರು ಬಾಯಿ ತೆರೆದಾಗ ಪ್ರೇಕ್ಷಕರಿಗೆ ಯಾವ ದನಿ ಕೇಳಿಸುವುದು?

ಸಿನಿಮಾದಲ್ಲಿ ಇದಕ್ಕೆ ಹಳೆಯ ಉತ್ತರಗಳಿವೆ. 1920ರ ಜರ್ಮನ್ ಚಿತ್ರ ‘ದ ಕ್ಯಾಬಿನೆಟ್ ಆಫ್ ಡಾ. ಕ್ಯಾಲಿಗರಿ’ ಗೋಡೆ, ಬೀದಿ, ನೆರಳುಗಳನ್ನೇ ಸೊಟ್ಟಗೆ ಬಣ್ಣದಲ್ಲಿ ಬರೆದಿಟ್ಟಿತು. ಕಥೆ ಹೇಳುತ್ತಿದ್ದವನು ಮಾನಸಿಕ ಆಸ್ಪತ್ರೆಯಲ್ಲಿರುವವನು ಎಂದು ಕೊನೆಗೆ ತಿಳಿಯುತ್ತದೆ. ಆಮೇಲೆ ಕನಸಿಗೆ ಮಂಜು, ನೆನಪಿಗೆ ಬೇರೆ ಬಣ್ಣ ಎಂಬ ರೂಢಿ ಬಂತು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಈ ರೂಢಿಯನ್ನೇ ಬಳಸಿಕೊಂಡಿತು. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಬಣ್ಣವಿರುವುದೇ ನಿಜ ಎಂದು ನಾವಾಗಿಯೇ ತೀರ್ಮಾನಿಸಿಕೊಂಡು ಕೂರುತ್ತೇವೆ, ಚಿತ್ರ ಆ ತೀರ್ಮಾನವನ್ನು ಕೊನೆಯಲ್ಲಿ ಅಲ್ಲಾಡಿಸುತ್ತದೆ.

ನನ್ನ ಕೆಲಸಕ್ಕೆ ಹೆಚ್ಚು ಹತ್ತಿರವಾದದ್ದು ಫ್ಲೋರಿಯಾನ್ ಝೆಲ್ಲರ್ ತನ್ನದೇ ನಾಟಕವನ್ನು ಆಧರಿಸಿ ಮಾಡಿದ ‘ದ ಫಾದರ್’ (2020). ಮರೆವಿನ ಕಾಯಿಲೆಯ ಮುದುಕನಾಗಿ ಆಂಥೊನಿ ಹಾಪ್ಕಿನ್ಸ್ ಇದ್ದಾರೆ. ಅದರಲ್ಲಿ ಮಂಜಿಲ್ಲ, ಸೊಟ್ಟ ಗೋಡೆಯಿಲ್ಲ. ಮನೆಯ ಪೀಠೋಪಕರಣ, ಗೋಡೆಯ ಬಣ್ಣ ಒಂದು ದೃಶ್ಯದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಬದಲಾಗುತ್ತವೆ. ಮಗಳೆಂದು ಹೇಳಿಕೊಂಡು ಬರುವವಳು ಒಮ್ಮೆ ಬೇರೆಯೇ ನಟಿ. ಯಾರೂ ವಿವರಿಸುವುದಿಲ್ಲ. ‘ಈ ಕುರ್ಚಿ ಮೊದಲು ಇಲ್ಲಿತ್ತೇ?’ ಎಂದು ನಾವೇ ತಡಕಾಡತೊಡಗಿದಾಗ ಆ ಮುದುಕನ ಪಾಡು ನಮ್ಮದಾಗಿರುತ್ತದೆ. ಭ್ರಮೆಯನ್ನು ವಾಸ್ತವದಷ್ಟೇ ಸ್ಪಷ್ಟವಾಗಿ, ಅದೇ ಬೆಳಕಿನಲ್ಲಿ ತೋರಿಸಬೇಕು ಎಂಬುದನ್ನು ನಾನು ಈ ಚಿತ್ರದಿಂದ ಕಲಿತೆ.

ಆದ್ದರಿಂದ ನಾವು ಒಂದು ನಿಯಮ ಮಾಡಿಕೊಂಡೆವು: ಚಿತ್ರದುದ್ದಕ್ಕೂ ಕೇಳಿಸುವುದು ಅವರ ಕಿವಿಗೆ ಕೇಳುವ ದನಿ. ಒಳ್ಳೆಯ ಯುವ ಗಾಯಕರೊಬ್ಬರಿಂದ ಹಾಡಿಸಿ, ಅದೇ ಕೋಣೆಯಲ್ಲಿ, ಅದೇ ಶ್ರುತಿ ಪೆಟ್ಟಿಗೆಯ ಸದ್ದಿನ ಜೊತೆಗೆ ರೆಕಾರ್ಡ್ ಮಾಡಿಕೊಂಡೆವು. ಸ್ಟುಡಿಯೋದ ಶುದ್ಧ ದನಿ ಬಂದರೆ ಕಿವಿಗೆ ತಕ್ಷಣ ಬೇರೆ ಲೋಕದ್ದೆಂದು ಗೊತ್ತಾಗಿಬಿಡುತ್ತದೆ. ಕುರ್ಚಿಯ ಕಿರುಗುಟ್ಟುವಿಕೆ, ಉಸಿರು ಎಳೆದುಕೊಳ್ಳುವ ಸದ್ದು ಎಲ್ಲವನ್ನೂ ಹಾಗೆಯೇ ಉಳಿಸಿದೆವು. ಮುದುಕರ ಬಾಯಲ್ಲಿ ಯುವಕನ ದನಿ ಬಂದರೆ ಜನ ಒಪ್ಪುತ್ತಾರೆಯೇ ಎಂದು ನಿರ್ದೇಶಕರಿಗೆ ಆತಂಕವಿತ್ತು. ಒಪ್ಪುತ್ತಾರೆ. ತೆರೆಯ ಮೇಲೆ ತುಟಿ ಮತ್ತು ದನಿ ಕೂಡಿದರೆ ಸಾಕು, ನಮ್ಮ ಮನಸ್ಸು ಉಳಿದದ್ದನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋದ ನಮ್ಮ ಪ್ರೇಕ್ಷಕರಿಗಂತೂ ಇದು ಅಭ್ಯಾಸವೇ.

ಹಾಗಾದರೆ ವಾಸ್ತವ ಎಲ್ಲಿಂದ ಬರಬೇಕು? ಶಿಷ್ಯೆಯಿಂದ. ಭ್ರಮೆಯ ಕಥೆಗಳಲ್ಲಿ ಅದರೊಳಗಿರುವವರಿಗಿಂತ ಅವರ ಸುತ್ತ ಇರುವವರನ್ನು ಬರೆಯುವುದು ಕಷ್ಟ. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ವನ್ನು (1971) ನಾನು ಈ ಕಣ್ಣಿನಿಂದಲೇ ಮತ್ತೆ ನೋಡಿದೆ. ನಾಯಕಿ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದಿದ್ದಾಳೆ. ಸುತ್ತಲಿನವರು ಒಪ್ಪುವುದಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಅವಳಿಗೆ ಹುಚ್ಚು ಎನ್ನುವ ಭ್ರಮೆ ಇರುವುದು ಅವರಿಗೆ. ಅದರ ಬೆಲೆ ತೆರುವವಳು ಮಾತ್ರ ಅವಳು. ಕಲ್ಪನಾ ಅವರ ಅಭಿನಯವನ್ನು ಜನ ಅವಳ ಒಡೆದ ಕ್ಷಣಗಳಿಗಾಗಿ ನೆನೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅವಳು ತಾನು ಸರಿಯಾಗಿದ್ದೇನೆ ಎಂದು ತೋರಿಸಿಕೊಳ್ಳಲು ಪಡುವ ಶ್ರಮ.

ನನ್ನ ಶಿಷ್ಯೆ ಇದರ ಎದುರು ದಿಕ್ಕಿನವಳು. ಅವಳು ಗುರುಗಳ ಭ್ರಮೆಯನ್ನು ಪ್ರೀತಿಯಿಂದ ಎತ್ತಿ ಹಿಡಿಯುತ್ತಾಳೆ. ಚಿತ್ರದ ಮಧ್ಯದಲ್ಲಿ ಒಂದು ದೃಶ್ಯವಿದೆ. ಅವಳು ಬೇಗ ಬಂದು, ಅವರು ಇನ್ನೂ ಒಳಗಿರುವಾಗಲೇ ಶ್ರುತಿ ಪೆಟ್ಟಿಗೆಯ ಶ್ರುತಿಯನ್ನು ಸ್ವಲ್ಪ ಇಳಿಸುತ್ತಾಳೆ, ಅವರ ಗಂಟಲಿಗೆ ಕಷ್ಟವಾಗದಿರಲಿ ಎಂದು. ಅವರು ಬರುತ್ತಾರೆ. ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಕತ್ತು ಪೆಟ್ಟಿಗೆಯ ಕಡೆ ತಿರುಗುತ್ತದೆ. ಆಮೇಲೆ, ‘ಕಿಟಕಿ ಹಾಕಮ್ಮ, ಗಾಳಿ ಬರ್ತಿದೆ’ ಎನ್ನುತ್ತಾರೆ. ಅವಳು ಎದ್ದು ಹಾಕುತ್ತಾಳೆ. ಕೂತು ಹಾಡಲು ತೊಡಗುತ್ತಾರೆ, ಇಳಿಸಿದ ಶ್ರುತಿಗೇ. ಜೀವನವಿಡೀ ಶ್ರುತಿಯಲ್ಲಿ ಬದುಕಿದವರಿಗೆ ಆ ವ್ಯತ್ಯಾಸ ತಿಳಿಯದಿರಲು ಸಾಧ್ಯವೇ ಇಲ್ಲ. ಕಥೆಯಲ್ಲಿ ಪುಟಗಟ್ಟಲೆ ಬರೆದಿದ್ದನ್ನು ಆ ಕತ್ತಿನ ಚಲನೆ ಹೇಳಿತು. ನಟರಿಗೆ ನಾನು ಹೇಳಿದ್ದು ಇಷ್ಟೇ: ‘ನಿಮಗೆ ಕೇಳಿಸುವುದು ಒಳ್ಳೆಯ ದನಿ, ಅದನ್ನೇ ಹಾಡಿ ಸಾರ್. ಆದರೆ ಫೋನ್ ಎಲ್ಲಿದೆ ಅನ್ನೋದು ಯಾವಾಗಲೂ ಗೊತ್ತಿರಲಿ.’ ಅವರು ಪ್ರತಿ ದೃಶ್ಯಕ್ಕೂ ಮೊದಲು ಬಾಗಿಲ ಪಕ್ಕದ ಮೇಜಿನ ಕಡೆ ಒಮ್ಮೆ ನೋಡಿ ಬರುತ್ತಿದ್ದರು.

ಭ್ರಮೆ ಒಡೆಯುವ ಗಳಿಗೆಯ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆ ನಡೆಯಿತು. ಒಡೆದ ಮೇಲೆ ಸತ್ಯ ಕಾಣುತ್ತದೆ, ಮನುಷ್ಯ ಹಗುರಾಗುತ್ತಾನೆ ಎಂದು ಅನೇಕ ಚಿತ್ರಗಳು ನಂಬಿಸುತ್ತವೆ. ನಾನು ಇದನ್ನು ಒಪ್ಪಲಾರೆ. ಮಹಾಭಾರತದ ಮಯಸಭೆಯನ್ನೇ ನೋಡಿ. ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಳ್ಳುತ್ತಾನೆ, ನೀರನ್ನು ನೆಲವೆಂದು ತಿಳಿದು ಬೀಳುತ್ತಾನೆ. ಇದು ಎಲ್ಲರೂ ಹೇಳುವ ಭಾಗ. ಮುಂದೆ ಇನ್ನೊಂದಿದೆ: ತೆರೆದಂತೆ ಕಂಡ ಬಾಗಿಲಿಗೆ ತಲೆ ಬಡಿದುಕೊಂಡವನು, ನಿಜವಾಗಿ ತೆರೆದಿದ್ದ ಬಾಗಿಲನ್ನು ಮುಚ್ಚಿದೆಯೆಂದು ತಿಳಿದು ಹಿಂದಿರುಗುತ್ತಾನೆ. ಮೋಸಹೋದ ಕಣ್ಣಿಗೆ ವಾಸ್ತವದ ಮೇಲೂ ನಂಬಿಕೆ ಉಳಿಯುವುದಿಲ್ಲ. ಸುತ್ತ ನಗು ಬೇರೆ. ಹಾಡುಗಾರರಿಗೆ ಅವರ ಒಡೆದ ದನಿಯನ್ನು ಕೇಳಿಸಿ ನಾವು ಕೊಡುವುದಾದರೂ ಏನನ್ನು ಎಂದು ನಾನು ನಿರ್ದೇಶಕರನ್ನು ಕೇಳಿದೆ.

ಕೊನೆಯ ದೃಶ್ಯ ಹೀಗಾಯಿತು. ಶಿಷ್ಯೆ ಮನೆಯಲ್ಲಿ ಅಭ್ಯಾಸಕ್ಕೆಂದು ಒಂದು ದಿನದ ಪಾಠವನ್ನು ಹೇಳದೆ ರೆಕಾರ್ಡ್ ಮಾಡಿಕೊಂಡಿರುತ್ತಾಳೆ. ಫೋನಿನಲ್ಲಿ ಬೇರೇನನ್ನೋ ಹುಡುಕುವಾಗ ಅದು ಅವರೆದುರೇ ಶುರುವಾಗಿಬಿಡುತ್ತದೆ. ಮೊದಲು ಶ್ರುತಿಯ ಸದ್ದು, ಆಮೇಲೆ ಅವಳು ಹಾಡಿದ ಸಾಲು. ಮುಂದಿನ ಸಾಲು ಅವರದು. ಅದು ಬರುವ ಮೊದಲೇ ಅವರು ಬಾಯಿ ತೆರೆದು ಅದೇ ಸಾಲನ್ನು ಎದುರಿಗೇ ಹಾಡಲು ಶುರುಮಾಡುತ್ತಾರೆ, ಜೋರಾಗಿ, ಫೋನಿನ ದನಿಯನ್ನು ಮುಚ್ಚುವಂತೆ. ನಮಗೆ ಕೇಳುವುದು ಆ ಯುವ ದನಿ ಮಾತ್ರ. ಅವಳ ಬೆರಳು ಗುಂಡಿಯನ್ನು ಹುಡುಕುತ್ತದೆ, ಕೈ ನಡುಗುವುದರಿಂದ ಸಿಗುವುದಿಲ್ಲ, ಅಲ್ಲಿಯವರೆಗೂ ಅವರು ನಿಲ್ಲಿಸುವುದಿಲ್ಲ.

ಫೋನಿನಿಂದ ಬರುವ ಒಡಕು ದನಿಯನ್ನು ಒಂದು ಕ್ಷಣವಾದರೂ ಕೇಳಿಸಬೇಕೆಂದು ಸಂಕಲನಕಾರರು ಕೊನೆಯವರೆಗೂ ಹೇಳಿದರು. ಅದನ್ನೂ ರೆಕಾರ್ಡ್ ಮಾಡಿಟ್ಟಿದ್ದೆವು, ಸೇರಿಸಿಯೂ ನೋಡಿದೆವು. ಆ ಒಂದು ಕ್ಷಣದಲ್ಲಿ ಪ್ರೇಕ್ಷಕರು ಮುದುಕರನ್ನು ಬಿಟ್ಟು ಹೊರಗೆ ಬಂದುಬಿಡುತ್ತಿದ್ದರು, ಅವರು ಹಾಡುವುದಕ್ಕೆ ಇದ್ದ ತುರ್ತು ನಮಗೆ ಬರಿಯ ಹಟದಂತೆ ಕಾಣುತ್ತಿತ್ತು. ತೆಗೆದೆವು.

ಚಿತ್ರ ನೋಡಿದವರು ಹೆಚ್ಚಾಗಿ ಕೇಳುವುದು, ‘ಅವರಿಗೆ ಗೊತ್ತಿತ್ತಾ?’ ಎಂದು. ಇಂಥ ಪ್ರಶ್ನೆಗೆ ಉತ್ತರ ಕೊಡದೆ ನಿಲ್ಲುವ ಧೈರ್ಯ ನನಗೆ ಭಾಸನ ‘ಸ್ವಪ್ನವಾಸವದತ್ತ’ದಿಂದ ಬಂತು. ಐದನೇ ಅಂಕದಲ್ಲಿ ಸತ್ತಳೆಂದು ನಂಬಿದ ಹೆಂಡತಿ ರಾಜ ಉದಯನನ ಹಾಸಿಗೆಯ ಪಕ್ಕದಲ್ಲೇ ಇದ್ದಾಳೆ. ಅವನು ನಿದ್ದೆಯಲ್ಲಿ ಮಾತಾಡಿಸುತ್ತಾನೆ, ಅವಳು ಉತ್ತರಿಸುತ್ತಾಳೆ, ಜೋತುಬಿದ್ದ ಅವನ ಕೈಯನ್ನು ಹಾಸಿಗೆಯ ಮೇಲಿಟ್ಟು ಹೋಗುತ್ತಾಳೆ. ಅವನು ಎದ್ದು ಓಡಿ ಬಾಗಿಲಿಗೆ ಬಡಿದುಕೊಳ್ಳುತ್ತಾನೆ. ಕನಸು ಕಂಡಿರಿ ಎನ್ನುತ್ತಾನೆ ವಿದೂಷಕ. ಕನಸಾಗಿದ್ದರೆ ಏಳದಿರುವುದೇ ಭಾಗ್ಯ, ಭ್ರಮೆಯಾಗಿದ್ದರೆ ಆ ಭ್ರಮೆಯೇ ಬಹುಕಾಲ ಇರಲಿ ಎನ್ನುತ್ತಾನೆ ರಾಜ. ಕನಸೆಂದುಕೊಂಡದ್ದು ನಿಜವಾಗಿತ್ತು ಎಂಬುದು ನೋಡುವ ನಮಗೆ ಗೊತ್ತು. ಆ ತಿಳಿವಳಿಕೆಯಿಂದ ನಾವು ಅವನಿಗಿಂತ ಮೇಲೇರುವುದಿಲ್ಲ, ಅವನಿಗೆ ಹೇಳಿಬಿಡೋಣ ಎಂದು ಚಡಪಡಿಸುತ್ತೇವೆ. ಈಗ ಬರೆಯುತ್ತಿರುವ ಕಥೆಯಲ್ಲಿ ನಾನು ಪ್ರಯತ್ನಿಸುತ್ತಿರುವುದು ಈ ಚಡಪಡಿಕೆಯನ್ನು: ಎದುರಿಗೇ ಇರುವ ನಿಜವನ್ನು ಕನಸೆಂದು ಪಕ್ಕಕ್ಕಿಡುವ ಒಬ್ಬ ಹೆಂಗಸು ಅದರಲ್ಲಿದ್ದಾಳೆ. ಅವಳು ಯಾವುದನ್ನು ಮುಟ್ಟಿ ನೋಡುವುದಿಲ್ಲ ಎಂಬುದನ್ನು ಇನ್ನೂ ಹುಡುಕುತ್ತಿದ್ದೇನೆ.