ಜಾಲರಿ ಕಾಣದ ಹಾಗೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಸೀಮಂತ, ತೊಟ್ಟಿಲ ಕಾರ್ಯಕ್ರಮ, ಇವೇ ಹೊಟ್ಟೆಪಾಡು. ಮದುವೆ ಇಲ್ಲದ ಭಾನುವಾರ ಬೆಳಿಗ್ಗೆ ಧಾರವಾಡದ ಕಡೆ ಹೋಗುತ್ತೇನೆ. ಅಲ್ಲಿ ಊರ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ, ಗಾಯಗೊಂಡ ಮತ್ತು ಯಾರೋ ಬಿಟ್ಟುಹೋದ ನಾಯಿ ಬೆಕ್ಕುಗಳನ್ನು ಸಾಕುತ್ತಾರೆ. ಅವುಗಳಿಗೆ ಮನೆ ಸಿಗಲಿ ಅಂತ ನಾನು ಫೋಟೋ ತೆಗೆದು ಕೊಡುತ್ತೇನೆ. ಮೂರು ವರ್ಷವಾಯಿತು. ಮೊದಲ ಆರು ತಿಂಗಳು ತೆಗೆದ ಫೋಟೋಗಳಿಂದ ಒಂದು ನಾಯಿಗೂ ಉಪಕಾರ ಆಗಲಿಲ್ಲ.

ಮದುವೆ ಹಾಲಿನಲ್ಲಿ ಬೇಕಾದರೆ ಇಪ್ಪತ್ತು ಅಡಿ ಹಿಂದೆ ಸರಿಯಬಹುದು. ಇಲ್ಲಿ ಗೂಡು ಅಂದರೆ 4 ಅಡಿ ಅಗಲ, 6 ಅಡಿ ಉದ್ದ. ಒಂದು ಹೆಜ್ಜೆ ಹಿಂದಿಟ್ಟರೆ ಬೆನ್ನಿಗೆ ಗೋಡೆ. ದೂರದ್ದನ್ನು ಹತ್ತಿರ ತರುವ, ಮದುಮಗಳ ಮುಖಕ್ಕೆ ಬಳಸುವ 85 ಎಂಎಂ ಲೆನ್ಸ್ ಹಾಕಿದೆ, ಒಂದು ಕಿವಿ ಮಾತ್ರ ಬಂತು. ಇಡೀ ನಾಯಿ ಬರಲಿ ಅಂತ ಅಗಲ ನೋಟದ 18ಕ್ಕೆ ಹೋದೆ. ಮೂಗು ತೆಂಗಿನಕಾಯಿಯಷ್ಟು, ಹಿಂಗಾಲು ಕಡ್ಡಿಯಷ್ಟು. ಕೊನೆಗೆ 35 ಎಂಎಂಗೆ ಬಂದು ನಿಂತೆ. ನನ್ನದು ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದು, ಹಾಗಾಗಿ ಮೂಲೆಯಲ್ಲಿ ಕೂತರೆ ಕೂತ ನಾಯಿ ಪೂರ್ತಿ ಬರುತ್ತದೆ. ಬರೀ ಮುಖ ಬೇಕಾದಾಗ 50. ಮೊಬೈಲಿನಲ್ಲಿ ತೆಗೆಯುವವರಿಗೂ ನಾನು ಇದನ್ನೇ ಹೇಳುತ್ತೇನೆ: ಮೂಗಿನ ಹತ್ತಿರ ಫೋನ್ ಹಿಡಿಯಬೇಡಿ, ಇರುವಷ್ಟು ಜಾಗದಲ್ಲಿ ಹಿಂದೆ ಸರಿದು 2 ಪಟ್ಟು ಜೂಮ್ ಇಡಿ. ಪೋರ್ಟ್ರೇಟ್ ಮೋಡ್ ಬೇಡ. ಅದು ಮೀಸೆಯನ್ನೂ ಕಿವಿಯ ತುದಿಯನ್ನೂ ಹಿಂದಿನ ಗೋಡೆ ಅಂದುಕೊಂಡು ಮಸುಕು ಮಾಡಿಬಿಡುತ್ತದೆ.

ಆದರೆ ಆ ಆರು ತಿಂಗಳು ಹಾಳಾಗಿದ್ದು ಲೆನ್ಸಿನಿಂದಲ್ಲ. ನಾನು ದುಃಖದ ಫೋಟೋ ತೆಗೆಯುತ್ತಿದ್ದೆ. ಜಾಲರಿಯ ಹಿಂದೆ ಎರಡು ಕಣ್ಣು, ಸಿಮೆಂಟ್ ನೆಲ, ಖಾಲಿ ತಾಟು. ನೋಡಿದವರೆಲ್ಲ "ಪಾಪ" ಅಂತ ಬರೆದು ಮುಂದೆ ಕಳಿಸುತ್ತಿದ್ದರು. ಫೋನ್ ಮಾತ್ರ ಯಾರೂ ಮಾಡುತ್ತಿರಲಿಲ್ಲ. ಪಾಪ ಅನ್ನಿಸಿದ್ದನ್ನು ಜನ ಮನೆಗೆ ತರುವುದಿಲ್ಲ ಅಂತ ನನಗೆ ತಡವಾಗಿ ತಿಳಿಯಿತು. ಇದು ನಮ್ಮ ಪಡಸಾಲೆಯಲ್ಲಿ ಹೇಗೆ ಮಲಗೀತು ಅಂತ ಅವರ ಕಣ್ಣಿಗೆ ಕಟ್ಟಬೇಕು. ಹಾಗೆ ಆಗಬೇಕಾದರೆ ಫೋಟೋದಲ್ಲಿ ಗೂಡು ಇರಬಾರದು. ಗೂಡಿನಿಂದ ನಾಯಿಯನ್ನು ಹೊರಗೆ ತರುವ ಹಾಗೂ ಇಲ್ಲ. ಹೊರಗೆ ಅಂಗಳದಲ್ಲಿ ಬೇರೆ ನಾಯಿಗಳಿವೆ, ಹೊಸದಾಗಿ ಬಂದದ್ದಕ್ಕೆ ಲಸಿಕೆ ಆಗಿರುವುದಿಲ್ಲ. ಇರುವ ಇಪ್ಪತ್ನಾಲ್ಕು ಚದರ ಅಡಿಯಲ್ಲೇ ಮಾಡಬೇಕು.

ಮೊದಲು ಬಣ್ಣದ ತೊಂದರೆ. ಬಿಸಿಲಿಗೆ ಅಂತ ಶೆಡ್ಡಿನ ಪಕ್ಕಕ್ಕೆ ಹಸಿರು ನೆಟ್ ಕಟ್ಟಿದ್ದರು. ಅದರೊಳಗಿಂದ ಬಂದ ಬೆಳಕಿನಲ್ಲಿ ಬಿಳಿ ನಾಯಿ ಪಾಚಿ ಹಿಡಿದ ಹಾಗೆ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಮೈ ಒಂದು ಬಣ್ಣ, ಹೊಟ್ಟೆ ಒಂದು ಬಣ್ಣ. ಈಗ ಬಾಗಿಲ ಕಡೆಯ ನೆಟ್ಟನ್ನು ಅರ್ಧ ಗಂಟೆ ಎತ್ತಿ ಕಟ್ಟುತ್ತೇವೆ. ನಾಯಿ ಇರುವ ಜಾಗದಲ್ಲಿ ಒಂದು ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳುತ್ತೇನೆ, ಅಂದರೆ ಬಿಳಿ ಬಿಳಿಯಾಗೇ ಕಾಣುವ ಹಾಗೆ ಕ್ಯಾಮೆರಾದ ಬಣ್ಣ ಹೊಂದಿಸುತ್ತೇನೆ. ಗೂಡಿಗೆ ಬೆಳಕು ಬರುವುದು ಬಾಗಿಲಿನಿಂದ ಮಾತ್ರ. ಅದಕ್ಕೆ ಅಡ್ಡ ಕೂತರೆ ನನ್ನ ನೆರಳೇ ನಾಯಿಯ ಮೇಲೆ. ಚೌಕಟ್ಟಿಗೆ ಹೆಗಲು ಒತ್ತಿ, ಪಕ್ಕಕ್ಕೆ ಸರಿದು, ನೆಲಕ್ಕೆ ಕೂತರೆ ಬೆಳಕು ನನ್ನ ಪಕ್ಕದಿಂದ ಒಳಗೆ ಹೋಗಿ ನಾಯಿಯ ಕಣ್ಣಿನಲ್ಲಿ ಒಂದು ಚುಕ್ಕಿಯಾಗಿ ಕೂರುತ್ತದೆ. ಆ ಚುಕ್ಕಿ ಇಲ್ಲದ ಕಣ್ಣು ಮಂಕು.

ಫ್ಲಾಶ್ ಹಾಕುವುದಿಲ್ಲ. ನಾಯಿ ಬೆಕ್ಕುಗಳ ಕಣ್ಣಿನ ಹಿಂದೆ ಬೆಳಕು ತಿರುಗಿಸುವ ಒಂದು ಪದರ ಇರುತ್ತದೆ, ಕಣ್ಣು ಹಸಿರು ದೀಪದ ಹಾಗೆ ಉರಿಯುತ್ತದೆ. ಅದಕ್ಕಿಂತ ಜಾಸ್ತಿ, ಅಷ್ಟು ಸಣ್ಣ ಜಾಗದಲ್ಲಿ ಮಿಂಚು ಹೊಡೆದರೆ ಓಡಿಹೋಗಲು ಅದಕ್ಕೆ ದಾರಿ ಎಲ್ಲಿದೆ? ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸುತ್ತೇನೆ, ನಾಯಿ ಅಲ್ಲಾಡಿದರೂ ಮಸುಕಾಗದಿರಲಿ ಅಂತ ಶಟರ್ ವೇಗವನ್ನು ಸೆಕೆಂಡಿನ 1/250ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಧಾರವಾಡದ ಮಳೆಗಾಲದಲ್ಲಿ 6400ಕ್ಕೂ ಹೋಗಿದ್ದೇನೆ. ಕಾಳು ಕಾಳು ಬಂದರೆ ಬರಲಿ, ನೋಡುವವರು ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ.

ಕರಿಯಾನ ವಿಷಯ ಹೇಳಲೇಬೇಕು. ಕಪ್ಪು ನಾಯಿ, ಒಂದು ಬಿಳಿ ಕೂದಲಿಲ್ಲ. ಹಿಂದೆ ಸುಣ್ಣದ ಗೋಡೆ. ಕ್ಯಾಮೆರಾ ಗೋಡೆ ನೋಡಿ ಬೆಳಕು ತಗ್ಗಿಸುತ್ತಿತ್ತು, ಕರಿಯಾ ಇದ್ದಲಿನ ಮುದ್ದೆಯಾಗುತ್ತಿದ್ದ. ಐದು ಭಾನುವಾರ ಹೀಗೇ ಹೋಯಿತು. ಆಮೇಲೆ ರಾಷ್ಟ್ರಧ್ವಜ ತಯಾರಾಗುವ ನಮ್ಮ ಬೆಂಗೇರಿಗೆ ಹೋಗಿ ಅರಿಶಿನ ಬಣ್ಣದ ಎರಡೂವರೆ ಮೀಟರ್ ಖಾದಿ ಬಟ್ಟೆ ತಂದೆ. ಖಾದಿ ಹೊಳೆಯುವುದಿಲ್ಲ, ಅದಕ್ಕೇ ಅದು. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಹಿಂದಿನ ಜಾಲರಿಗೆ ಕಟ್ಟಿ, ಉಳಿದದ್ದನ್ನು ನೆಲದ ಮೇಲೆ ಇಳಿಬಿಟ್ಟೆ. ತಾಟು, ಮೋರಿ, ಸಿಮೆಂಟು ಎಲ್ಲ ಮುಚ್ಚಿಹೋಯಿತು. ಕರಿಯಾ ಬಂದು ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಮೂಸಿ, ಎರಡು ಸುತ್ತು ತಿರುಗಿ, ಅದರ ಮೇಲೇ ಕೂತ.

ನಾನು ಕ್ಯಾಮೆರಾ ಎತ್ತಲಿಲ್ಲ. ಮೊದಲ ಹತ್ತು ನಿಮಿಷ ಅದು ತೊಡೆಯ ಮೇಲೇ ಇರುತ್ತದೆ. ನಾಯಿಗೆ ಲೆನ್ಸ್ ಅಂದರೆ ರೆಪ್ಪೆ ಬಡಿಯದ ಒಂದು ದೊಡ್ಡ ಕಣ್ಣು. ನಾನು ಪಕ್ಕಕ್ಕೆ ಮುಖ ಮಾಡಿ ಸುಮ್ನೆ ಕೂರುತ್ತೇನೆ. ನಿದ್ದೆ ಇಲ್ಲದೆ ಆಕಳಿಸಿದರೆ, ತಿನ್ನಲು ಏನೂ ಇಲ್ಲದೆ ತುಟಿ ನೆಕ್ಕಿದರೆ, ಕಣ್ಣಂಚಿನ ಬಿಳಿ ಕಂಡರೆ ಅದಕ್ಕೆ ಇನ್ನೂ ಹೆದರಿಕೆ ಇದೆ ಅಂತ ಅರ್ಥ. ಅಂಥ ದಿನ ಫೋಟೋ ಇಲ್ಲ, ಎದ್ದು ಬರುತ್ತೇನೆ. ಅವತ್ತು ಕರಿಯಾ ಗದ್ದವನ್ನು ಮುಂಗಾಲಿನ ಮೇಲಿಟ್ಟು ಉಸಿರುಬಿಟ್ಟ. ಆಗ ನೋಡಿಕೊಳ್ಳುವ ಕಾಕಾ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದರು, "ಅಕ್ಕಾರ, ರೊಟ್ಟಿ ಮುರೀಲೇನ್ರಿ?"

ಇದು ಅವರೇ ಕಂಡುಹಿಡಿದ ಉಪಾಯ. ಗಿಲಕಿ, ಶಿಳ್ಳೆ, ಚಿಟಿಕೆ ಎಲ್ಲ ನೋಡಿದ್ದೆವು. ಶಿಳ್ಳೆಗೆ ಶೆಡ್ಡಿನ ಅಷ್ಟೂ ನಾಯಿ ಬೊಗಳುತ್ತಿದ್ದವು. ಖಡಕ್ ಜೋಳದ ರೊಟ್ಟಿ ಮುರಿದರೆ ಬರುವ ಕಟ್ ಅನ್ನುವ ಸದ್ದು ಬೇರೆ. ಕಾಕಾ ನನ್ನ ತಲೆಯ ಮೇಲೆ ಕೈ ಚಾಚಿ ಮುರಿದರು. ಕರಿಯಾನ ಎರಡೂ ಕಿವಿ ಎದ್ದವು, ತಲೆ ಒಂದಿಷ್ಟು ವಾಲಿತು, ಬಾಯಿ ಅರ್ಧ ತೆರೆಯಿತು. ಸದ್ದಿಲ್ಲದ ಶಟರಿನಲ್ಲಿ ನಾಲ್ಕು ಫೋಟೋ. ಮುರಿದ ತುಂಡನ್ನು ತಕ್ಷಣ ಕೊಟ್ಟೆವು, ಇಲ್ಲದಿದ್ದರೆ ಮೋಸ. ಈ ಸದ್ದು ಎರಡು ಮೂರು ಸಲ ಮಾತ್ರ ನಡೆಯುತ್ತದೆ, ಆಮೇಲೆ ನಾಯಿ ನೇರ ಕೈಗೇ ಬರುತ್ತದೆ. ಮುಂದಿನ ತಿಂಗಳು ಕರಿಯಾ ನವನಗರದ ಒಂದು ಮನೆಗೆ ಹೋದ.

ಕಚ್ಚುವ ನಾಯಿ ಇದ್ದರೆ ಒಳಗೆ ಹೋಗುವುದಿಲ್ಲ. ಲೆನ್ಸನ್ನು ಜಾಲರಿಗೆ ತಾಗಿಸಿ, ಒಂದು ಕಿಂಡಿಯ ನಡುವೆ ಬರುವ ಹಾಗೆ ಹಿಡಿದು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವನ್ನು, ಎಫ್ 2ರಷ್ಟು ಅಗಲಕ್ಕೆ ತೆರೆಯುತ್ತೇನೆ. ನಾಯಿ ಮೂರಡಿ ಹಿಂದಿದ್ದರೆ ತಂತಿ ಕರಗಿಹೋಗುತ್ತದೆ. ತಂತಿಯ ಮೇಲೆ ಬಿಸಿಲು ಬಿದ್ದರೆ ಮಾತ್ರ ಬಿಳಿ ಮಂಜು ಬರುತ್ತದೆ, ಆ ಕಡೆಗೆ ನೆರಳು ಮಾಡಬೇಕು. ಬೆಕ್ಕಿಗೆ ಒಂದು ರಟ್ಟಿನ ಡಬ್ಬಿ ಸಾಕು. ಅಡಗಿದ್ದನ್ನು ಎಳೆಯಬಾರದು, ಅದು ತಾನಾಗಿ ಡಬ್ಬಿಗೆ ಬಂದು ಕೂರುತ್ತದೆ.

ಒಂದು ತಪ್ಪು ಮಾಡಿದ್ದೇನೆ. ಒಂದು ಕಣ್ಣು ಹೋದ ಮರಿಯ ಫೋಟೋವನ್ನು ಒಳ್ಳೆಯ ಕಣ್ಣು ಕಾಣುವ ಹಾಗೆ ಪಕ್ಕದಿಂದ ತೆಗೆದಿದ್ದೆ. ಚೆನ್ನಾಗಿತ್ತು. ಗದಗದಿಂದ ಒಂದು ಕುಟುಂಬ ಮಕ್ಕಳನ್ನು ಕರೆದುಕೊಂಡು ಬಂತು. ಮರಿ ತಿರುಗಿ ನೋಡಿದಾಗ ಸಣ್ಣ ಹುಡುಗಿ ಅಮ್ಮನ ಸೆರಗಿನ ಹಿಂದೆ ಸರಿದಳು. ಅವರು ಏನೂ ಅನ್ನದೆ ಹೋದರು. ಮರಿ ಬಾಗಿಲ ತನಕ ಅವರ ಹಿಂದೆಯೇ ಹೋಗಿತ್ತು. ಅವತ್ತಿನಿಂದ ಮೂರು ಫೋಟೋ ಕೊಡುತ್ತೇನೆ. ಒಂದು ಮುಖ. ಇನ್ನೊಂದು ಕಾಕಾನ ಕೈ ಪಕ್ಕದಲ್ಲಿರುವ ಇಡೀ ಮೈ, ಗಾತ್ರ ಗೊತ್ತಾಗಲಿ ಅಂತ. ಮೂರನೆಯದು ಊನ ಇದ್ದರೆ ಅದು, ನೇರವಾಗಿ. ಕತ್ತರಿಸಿದ ಕಿವಿಯನ್ನೂ ಮುಚ್ಚುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅನ್ನುವ ಗುರುತು ಅದು ಅಂತ ಕೆಳಗೆ ಬರೆಯುತ್ತೇನೆ. ಕೇಳುವವರು ಈಗಲೂ "ಮುಧೋಳ ಐತೇನ್ರಿ?" ಅಂತಲೇ ಶುರು ಮಾಡುತ್ತಾರೆ. ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ನಮ್ಮ ಬೀದಿ ನಾಯಿಗೆ ಅಂಥದ್ದೇನೂ ಇಲ್ಲ, ಅದಕ್ಕೆ ನಮ್ಮ ಫೋಟೋನೇ ಗತಿ ಅಲ್ವಾ?

ಕಳೆದ ತಿಂಗಳು ಗೌರಿಯ ಫೋಟೋ ಹಾಕಿದೆವು. ಕಂದು ಬಣ್ಣದ ನಾಯಿ, ಗಾಡಿ ಹಾಯ್ದು ಹಿಂದಿನ ಎಡಗಾಲು ಮಡಚಿಕೊಂಡೇ ಇರುತ್ತದೆ. ಮೂರನೆಯ ಫೋಟೋದಲ್ಲಿ ಅರಿಶಿನ ಬಟ್ಟೆಯ ಮೇಲೆ ನಿಂತ ಗೌರಿ, ಆ ಕಾಲು ನೆಲಕ್ಕೆ ತಾಗದೆ ಮೇಲೆ. ಹದಿನೈದು ದಿನ ಯಾರೂ ಕೇಳಲಿಲ್ಲ. ಆಮೇಲೆ ಹಾವೇರಿ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದರು. ನಾನು ಗೌರಿಯ ಕಾಲಿನ ವಿಷಯ ಹೇಳಲು ಹೋದೆ. ಅವರು ನನ್ನ ಮಾತು ತಡೆದರು.

"ಕಾಲು ನೋಡೇ ಬಂದೀನ್ರಿ. ನಮ್ಮ ಮನ್ಯಾಗ ಮೆಟ್ಟಲಾ ಇಲ್ಲ."