ಹತ್ತಿ ಗಿರಣಿಯ ಲಯವನ್ನು ಪಿಯಾನೊದಲ್ಲಿ ಕೂರಿಸಿಕೊಂಡ ಬಗೆ

ದಕ್ಷಿಣ ಕೆರೊಲಿನಾದ ವಿನ್ಸ್‌ಬರೋ ಊರಿನ ಹತ್ತಿ ಗಿರಣಿಯ ಕಾರ್ಮಿಕರ ಹಾಡೊಂದಿದೆ. ಸತ್ತ ಮೇಲೆ ನನ್ನನ್ನು ಹೂಳಬೇಡಿ, ನೂಲು ಸುತ್ತುವ ಕೋಣೆಯ ಗೋಡೆಗೆ ತೂಗುಹಾಕಿ, ಪರಲೋಕದಲ್ಲಿಯೂ ಸುತ್ತುತ್ತಲೇ ಇರುತ್ತೇನೆ ಎನ್ನುತ್ತಾನೆ ಅದರಲ್ಲಿನ ಕಾರ್ಮಿಕ. ಅಮೆರಿಕದ ಸಂಯೋಜಕ ಫ್ರೆಡರಿಕ್ ಜೆಫ್‌ಸ್ಕಿ 1979ರಲ್ಲಿ ಆ ಹಾಡನ್ನು ಆಧರಿಸಿ ‘ವಿನ್ಸ್‌ಬರೋ ಕಾಟನ್ ಮಿಲ್ ಬ್ಲೂಸ್’ ಎಂಬ ಪಿಯಾನೊ ಕೃತಿಯನ್ನು ರಚಿಸಿದರು. ಇಡೀ ಕೃತಿಯನ್ನು ಮಿನಿಮಲಿಸ್ಟ್ ಎನ್ನಲಾಗದು. ಆದರೆ ಪುಟ್ಟ ವಿನ್ಯಾಸವೊಂದು ಪುನರಾವರ್ತನೆಯಾಗುತ್ತಲೇ ತಿಳಿಯದಂತೆ ಬದಲಾಗುವ ಅದರ ಆರಂಭಭಾಗಕ್ಕೆ ಆ ಹೆಸರು ಸಲ್ಲುತ್ತದೆ.

ಕೀಲಿಮಣೆಯ ತೀರಾ ತಗ್ಗಿನ ಸ್ವರಗಳಲ್ಲಿ, ಅತಿ ಮೆಲುವಾಗಿ ಕೃತಿ ಶುರುವಾಗುತ್ತದೆ. ಭಾವವಿಲ್ಲದೆ, ಯಂತ್ರದಂತೆ ನುಡಿಸಬೇಕೆಂಬುದು ಸಂಯೋಜಕರ ಸೂಚನೆ. ಭಾವ ತುಂಬುವುದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈಗಳಿಗೆ ಇದು ಸುಲಭವಲ್ಲ. ಸದ್ದು ಏರಿದಂತೆಲ್ಲ ಕಾಲಪ್ರಮಾಣವೂ ಏರಬಯಸುತ್ತದೆ. ಹಾಗಾಗಿ ನಾನು ಮೊದಲ ಹಂತದಲ್ಲಿ ಸದ್ದನ್ನು ಏರಿಸದೆಯೇ, ಸಮವಾಗಿ ಟಿಕ್‌ಟಿಕ್ ಎಂದು ಲಯ ತೋರಿಸುವ ಮೆಟ್ರೊನೋಮ್ ಇಟ್ಟುಕೊಂಡು, ಅರ್ಧ ವೇಗದಲ್ಲಿ ಇಡೀ ಭಾಗವನ್ನು ನುಡಿಸಿದೆ. ಲಯ ಅಲುಗಾಡದಂತೆ ನಿಂತ ಮೇಲಷ್ಟೇ ಸದ್ದನ್ನು ಬೆಳೆಸತೊಡಗಿದೆ.

ವಿನ್ಯಾಸ ಹಿಗ್ಗುತ್ತ ಹೋದಂತೆ ಬೆರಳುಗಳು ಸಾಲದೆ ಅಂಗೈ, ಆಮೇಲೆ ಮುಂಗೈ ಕೀಲಿಮಣೆಗೆ ಇಳಿಯಬೇಕು. ಇಲ್ಲಿ ಬಡಿದರೆ ಕೈಗೂ ನೋವು, ನಾದಕ್ಕೂ ಕೇಡು. ಮುಂಗೈಯನ್ನು ಕೀಗಳಿಗೆ ತಾಗಿಸಿಟ್ಟುಕೊಂಡು, ಭುಜವನ್ನು ಸಡಿಲಬಿಟ್ಟು, ತೋಳಿನ ಭಾರವನ್ನಷ್ಟೇ ಬಿಡುವುದನ್ನು ರೂಢಿಸಿಕೊಂಡೆ. ಹೀಗೆ ಒಟ್ಟಿಗೆ ಮೊಳಗುವ ಸ್ವರಗುಚ್ಛದ ಅಂಚಿನ ಸ್ವರಗಳು ಸ್ಪಷ್ಟವಾಗಿ ಕೇಳಿದರೆ ಮಾತ್ರ ಅದು ಸಂಗೀತವಾಗುತ್ತದೆ. ಇಲ್ಲದಿದ್ದರೆ ಬರೀ ಗದ್ದಲ. ಆದ್ದರಿಂದ ಕಾಲಿನಿಂದ ಒತ್ತಿ ನಾದವನ್ನು ಎಳೆದು ನಿಲ್ಲಿಸುವ ಪೆಡಲ್ಲನ್ನು ತುಂಬಾ ಮಿತವಾಗಿ ಬಳಸುತ್ತೇನೆ.

ನನಗೆ ಅತ್ಯಂತ ಪ್ರಿಯವಾದದ್ದು ಆ ಕಾರ್ಮಿಕರ ಹಾಡಿನ ಬ್ಲೂಸ್ (ಆಫ್ರಿಕನ್ ಅಮೆರಿಕನ್ನರಲ್ಲಿ ಹುಟ್ಟಿದ ಹಾಡಿನ ಶೈಲಿ) ರಾಗ ತಲೆಯೆತ್ತುವ ಘಳಿಗೆ. ಯಂತ್ರದ ಲಯ ಎಳ್ಳಷ್ಟೂ ಬಾಗಕೂಡದು, ಹಾಡು ಮಾತ್ರ ಮನುಷ್ಯನ ಕಂಠದಂತೆ ತುಸು ಹಿಂದುಮುಂದಾಗಿ ಸಾಗಬೇಕು. ಇದಕ್ಕಾಗಿ ನಾನು ರಾಗವನ್ನು ಬಾಯಲ್ಲಿ ಹಾಡಿಕೊಳ್ಳುತ್ತ ಯಂತ್ರದ ಲಯವನ್ನಷ್ಟೇ ಕೈಯಲ್ಲಿ ನುಡಿಸಿದೆ. ಹಾಡು ಕೈಯ ಹಂಗಿಲ್ಲದೆ ಬರತೊಡಗಿದ ಮೇಲೆ ಅದನ್ನು ಬೆರಳಿಗೆ ತಂದುಕೊಂಡೆ. ಕಛೇರಿಗೆ ಮುಂಚೆ ಸಭಾಂಗಣದಲ್ಲಿ ಮಂದ್ರ ಸ್ವರಗಳನ್ನಷ್ಟೇ ಪರೀಕ್ಷಿಸುತ್ತೇನೆ. ಪ್ರತಿಧ್ವನಿ ಹೆಚ್ಚಿದ್ದರೆ ಆರಂಭದ ವೇಗವನ್ನು ಒಂದಿಷ್ಟು ತಗ್ಗಿಸಿಕೊಳ್ಳುತ್ತೇನೆ.