ಮನೆನಾಯಿಯ ಮುಖ ಕ್ಯಾನ್ವಾಸಿಗೆ, ಕ್ಯಾನ್ವಾಸು ಚಿತ್ರಸಂತೆಗೆ

ಸಾಕುಪ್ರಾಣಿಯ ಭಾವಚಿತ್ರದಲ್ಲಿ ತಳಿ ಸರಿಯಾಗಿ ಮೂಡಿದರೆ ಸಾಲದು. ಹತ್ತು ಲ್ಯಾಬ್ರಡಾರ್‌ಗಳ ಚಿತ್ರಗಳನ್ನು ಸಾಲಾಗಿ ಇಟ್ಟರೂ ಮನೆಯವರು ‘ಇದೇ ನಮ್ಮದು’ ಎಂದು ಬೆರಳಿಟ್ಟು ತೋರಿಸುವಂತಿರಬೇಕು. ಆ ಗುರುತು ಕೂದಲಿನಲ್ಲಿ ಇರುವುದಿಲ್ಲ. ಕಣ್ಣಿನಲ್ಲಿ, ಕಣ್ಣಿಗೂ ಮೂಗಿಗೂ ನಡುವಿನ ಅಂತರದಲ್ಲಿ, ಒಂದು ಕಿವಿ ಸ್ವಲ್ಪ ಮಡಚಿರುವ ರೀತಿಯಲ್ಲಿ ಇರುತ್ತದೆ. ಹೊಸಬರು ಕೂದಲಿಗೆ ನಾಲ್ಕು ದಿನ ಕೊಟ್ಟು ಅಳತೆಗೆ ಅರ್ಧ ಗಂಟೆ ಕೊಡುತ್ತಾರೆ. ಕೆಡುವುದು ಅಲ್ಲೇ.

ಇಲ್ಲಿ ಹೇಳುವುದು 12×16 ಇಂಚಿನ ಕ್ಯಾನ್ವಾಸಿನಲ್ಲಿ, ಅಕ್ರಿಲಿಕ್‌ನಲ್ಲಿ, ತಲೆಯಿಂದ ಎದೆಯವರೆಗಿನ ಚಿತ್ರ ಬರೆದು, ಚಿತ್ರಸಂತೆಯಂಥ ಬೀದಿಯ ಪ್ರದರ್ಶನಕ್ಕೆ ಒಯ್ಯುವ ಕ್ರಮ. ಜಲವರ್ಣಕ್ಕೆ ಗಾಜಿನ ಫ್ರೇಮು ಬೇಕು, ಬೀದಿಯ ಪ್ರದರ್ಶನಕ್ಕೆ ಗಾಜು ಹೊತ್ತೊಯ್ಯುವುದು ತಲೆನೋವು. ತೈಲವರ್ಣ ಮುಟ್ಟಿದರೆ ಅಂಟದಷ್ಟು ಒಣಗಲೇ ದಿನಗಟ್ಟಲೆ ಬೇಕು, ವಾರ್ನಿಷ್ ಹಚ್ಚಲು ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಸಂತೆಗೆ ಹೋಗುವವರಿಗೆ ಅಕ್ರಿಲಿಕ್ಕೇ ಅನುಕೂಲ.

ಮೊದಲು ಫೋಟೊ

ಚಿತ್ರದ ಅರ್ಧ ಹಣೆಬರಹ ಫೋಟೊದಲ್ಲೇ ನಿರ್ಧಾರವಾಗುತ್ತದೆ. ನಿಂತುಕೊಂಡು ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತದೆ. ನೆಲದ ಮೇಲೆ ಕುಳಿತು, ಫೋನನ್ನು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ತೀರಾ ಹತ್ತಿರ ಹೋಗಬೇಡಿ. ಒಂದಡಿ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಊದಿಕೊಂಡು ಕಿವಿಗಳು ಹಿಂದೆ ಸರಿದುಬಿಡುತ್ತವೆ. ತಮಾಷೆಯ ಫೋಟೊಗೆ ಅದು ಚೆನ್ನ, ಭಾವಚಿತ್ರಕ್ಕಲ್ಲ. ಐದಾರು ಅಡಿ ಹಿಂದೆ ಸರಿದು 2 ಪಟ್ಟು ಝೂಮ್ ಮಾಡಿ.

ಫ್ಲ್ಯಾಶ್ ಬೇಡವೇ ಬೇಡ. ನಾಯಿ, ಬೆಕ್ಕುಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ತಿರುಗಿಸಿ ಕಳಿಸುವ ಪದರವಿದೆ. ಫ್ಲ್ಯಾಶ್ ಬಿದ್ದರೆ ಕಣ್ಣು ಹಸಿರೋ ಹಳದಿಯೋ ಆಗಿ ಹೊಳೆದು ನಿಜವಾದ ಬಣ್ಣ ಕಳೆದುಹೋಗುತ್ತದೆ. ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬೀಳುವಂತೆ ಕೂರಿಸಿ. ಕಪ್ಪು ನಾಯಿಯಾದರೆ ಫೋನಿನ ಪರದೆಯಲ್ಲಿ ಅದರ ಮುಖವನ್ನು ಒತ್ತಿ ಬೆಳಕಿನ ಗುರುತನ್ನು ಮೇಲಕ್ಕೆ ಎಳೆಯಿರಿ, ಬಿಳಿ ನಾಯಿಯಾದರೆ ಕೆಳಕ್ಕೆ. ಇಲ್ಲದಿದ್ದರೆ ಕಪ್ಪಿನಲ್ಲೂ ಬಿಳಿಯಲ್ಲೂ ವಿವರವೇ ಉಳಿಯುವುದಿಲ್ಲ. ಭಂಗಿಗೆ ಒಂದು ಫೋಟೊ, ಕಣ್ಣಿನ ಬಣ್ಣಕ್ಕೆ ಒಂದು, ಮೈಬಣ್ಣಕ್ಕೆ ಒಂದು ಎಂದು ಬೇರೆ ಬೇರೆ ಇಟ್ಟುಕೊಳ್ಳಬಹುದು. ಆದರೆ ಬೆಳಕು ಎಡದಿಂದ ಬಿದ್ದ ಮೂತಿಯನ್ನೂ ಬಲದಿಂದ ಬಿದ್ದ ಕಿವಿಯನ್ನೂ ಒಂದೇ ಚಿತ್ರದಲ್ಲಿ ಜೋಡಿಸಬೇಡಿ.

ಅಂತರ್ಜಾಲದಲ್ಲಿ ಸಿಕ್ಕ ಚೆಂದದ ಫೋಟೊ ನೋಡಿ ಬರೆದು ಮಾರುವ ಅಭ್ಯಾಸ ಬಹಳ ಜನರಿಗಿದೆ. ಆ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದು, ಅನುಮತಿ ಕೇಳಲೇಬೇಕು.

ಅಳತೆ ಮತ್ತು ನೆಲೆ

ಅಂಗಡಿಯ ಸಿದ್ಧ ಕ್ಯಾನ್ವಾಸಿನ ಮೇಲೆ ಇನ್ನೂ ಎರಡು ಪದರ ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಲೇಪ) ಹಚ್ಚಿ. ಪ್ರತಿ ಪದರ ಒಣಗಿದ ಮೇಲೆ 400 ನಂಬರಿನ ಮರಳುಕಾಗದದಿಂದ ಮೆಲ್ಲಗೆ ಉಜ್ಜಿ. ಬಟ್ಟೆಯ ಒರಟು ನೇಯ್ಗೆ ಹಾಗೇ ಉಳಿದರೆ ಕಣ್ಣಿನ ಸಣ್ಣ ಗೆರೆಗಳು ಒಡೆದೊಡೆದು ಬರುತ್ತವೆ.

ಫೋಟೊವನ್ನು 6×8 ಇಂಚಿಗೆ ಪ್ರಿಂಟ್ ಹಾಕಿಸಿ ಒಂದೊಂದು ಇಂಚಿನ ಚೌಕ ಎಳೆಯಿರಿ, ಕ್ಯಾನ್ವಾಸಿನ ಮೇಲೆ ಎರಡೆರಡು ಇಂಚಿನ ಚೌಕ. ಎರಡರಲ್ಲೂ 48 ಚೌಕಗಳಾಗುತ್ತವೆ. ಗೆರೆಗೆ ನೀರಿನಲ್ಲಿ ಕರಗುವ ಬಣ್ಣದ ಪೆನ್ಸಿಲ್ ಒಳ್ಳೆಯದು. ಸಾಮಾನ್ಯ ಪೆನ್ಸಿಲ್ಲಿನ ಮಸಿ ತಿಳಿಬಣ್ಣದೊಳಗೆ ಸೇರಿ ಕೊಳೆಯಾಗುತ್ತದೆ. ಗೆರೆ ಮುಗಿದ ಮೇಲೆ ಎರಡು ಕಣ್ಣುಗಳ ಹೊರತುದಿ ಮತ್ತು ಮೂಗಿನ ತುದಿ ಸೇರಿಸಿ ತ್ರಿಕೋನ ಎಳೆದು ಫೋಟೊದ ತ್ರಿಕೋನಕ್ಕೆ ಹೋಲಿಸಿ. ಬಳಿಕ ಎರಡನ್ನೂ ತಲೆಕೆಳಗಾಗಿ ತಿರುಗಿಸಿ ನೋಡಿ. ನೆಟ್ಟಗಿದ್ದಾಗ ಕಾಣದ ಸೊಟ್ಟ ಆಗ ಎದ್ದು ಕಾಣುತ್ತದೆ. ಇಲ್ಲಿ ತಪ್ಪಿದ್ದನ್ನು ಬಣ್ಣ ತಿದ್ದುವುದಿಲ್ಲ.

ಬಣ್ಣಗಳು ಆರು ಸಾಕು: ಟೈಟಾನಿಯಂ ವೈಟ್, ಯೆಲ್ಲೊ ಆಕರ್, ಬರ್ನ್ಟ್ ಸಿಯೆನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ ಮತ್ತು ನಾಲಗೆ, ಕಿವಿಯ ಒಳಭಾಗಕ್ಕೆ ಚೂರು ಕ್ರಿಮ್ಸನ್. ಕಪ್ಪಿನ ಟ್ಯೂಬು ಬೇಡ. 10ನೇ ನಂಬರಿನ ಚಪ್ಪಟೆ ಬ್ರಷ್, 6ರ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಷ್), 2ರ ದುಂಡು, 0 ನಂಬರಿನ ಲೈನರ್ (ಸಣ್ಣ ಗೆರೆಗೆ ಉದ್ದ ಕೂದಲಿನ ತೆಳು ಬ್ರಷ್), ಜೊತೆಗೆ ಕೂದಲು ಕೆದರಿ ಹಾಳಾದ ಒಂದು ಹಳೆಯ ಬ್ರಷ್ ಇರಲಿ. ತುಪ್ಪಳಕ್ಕೆ ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗದು.

ಹಿನ್ನೆಲೆಯನ್ನು ಮೊದಲೇ ಹಚ್ಚಿ, ಮೈಯ ಅಂಚು ಅದರ ಮೇಲೆ ಚಾಚಿಕೊಳ್ಳಲಿ. ಕೊನೆಗೆ ಹಿನ್ನೆಲೆ ತುಂಬಲು ಹೋದರೆ ಕೂದಲಿನ ತುದಿಗಳೆಲ್ಲ ಮುಚ್ಚಿಹೋಗಿ, ಪ್ರಾಣಿಯನ್ನು ಕತ್ತರಿಸಿ ಅಂಟಿಸಿದಂತಾಗುತ್ತದೆ.

ಕಣ್ಣು

ಕಣ್ಣಿನಿಂದಲೇ ಶುರು ಮಾಡಿ. ಅದು ಬರದಿದ್ದರೆ ಮುಂದಿನ ಹತ್ತು ಗಂಟೆಗಳ ಕೆಲಸ ದಂಡ, ಬೇಗ ಗೊತ್ತಾದರೆ ಒಳ್ಳೆಯದು.

ಮೊದಲು ರೆಪ್ಪೆಯಂಚಿನ ಕಪ್ಪು ಮತ್ತು ಪಾಪೆ, ಅಂದರೆ ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಸಮಸಮ ಬೆರೆಸಿದ ಗಾಢ ಬಣ್ಣ. ನಾಯಿಯ ಪಾಪೆ ದುಂಡಗೆ. ಬೆಕ್ಕಿನದು ಬಿಸಿಲಲ್ಲಿ ನಿಂತ ಸೀಳು, ಮಬ್ಬು ಬೆಳಕಲ್ಲಿ ಬಹುತೇಕ ದುಂಡು. ಫೋಟೊ ತೆಗೆದ ಬೆಳಕಿಗೆ ತಕ್ಕಂತೆ ಇರಲಿ. ಕಂದು ಕಣ್ಣಿಗೆ ಬರ್ನ್ಟ್ ಸಿಯೆನಾದಲ್ಲಿ ಸ್ವಲ್ಪ ಯೆಲ್ಲೊ ಆಕರ್. ಈ ಕಂದು ಭಾಗ ಎಲ್ಲೆಡೆ ಒಂದೇ ಸಮ ಇರುವುದಿಲ್ಲ ಎಂಬುದು ಮುಖ್ಯ: ಮೇಲಿನ ರೆಪ್ಪೆಯ ನೆರಳು ಬೀಳುವುದರಿಂದ ಮೇಲ್ಭಾಗ ಗಾಢ, ಮಿಂಚು (ಕಣ್ಣಿನಲ್ಲಿ ಹೊಳೆಯುವ ಬೆಳಕಿನ ಚುಕ್ಕೆ) ಬಿದ್ದ ಜಾಗಕ್ಕೆ ಎದುರಾಗಿ ಕೆಳಗೆ ಅರ್ಧಚಂದ್ರದಂತೆ ತಿಳಿ. ಈ ಒಂದು ವ್ಯತ್ಯಾಸ ತಂದರೆ ಚಪ್ಪಟೆ ಗುಂಡಿಯಂತಿದ್ದ ಕಣ್ಣು ಗೋಲಿಯಾಗುತ್ತದೆ.

ಮಿಂಚು ಕಣ್ಣಿಗೆ ಒಂದೇ, ಎರಡೂ ಕಣ್ಣಿನಲ್ಲಿ ಒಂದೇ ಪಕ್ಕಕ್ಕೆ. ಪಾಪೆಯ ನಟ್ಟನಡುವೆ ಇಟ್ಟರೆ ಪ್ರಾಣಿ ಬೆಚ್ಚಿಬಿದ್ದಂತೆ ಕಾಣುತ್ತದೆ. ಪಾಪೆಯೂ ಕಂದು ಭಾಗವೂ ಸೇರುವ ಗಡಿಯಲ್ಲಿ, ಮೇಲ್ಗಡೆ, ಚೂರು ನೀಲಿ ಬೆರೆತ ಬಿಳಿಯ ಚುಕ್ಕೆ ಸಾಕು. ಕಣ್ಣಿನ ಮೂಲೆಯಲ್ಲಿ ಕಾಣುವ ಬಿಳಿಯನ್ನು ಶುದ್ಧ ಬಿಳಿಯಲ್ಲಿ ಹಚ್ಚಬೇಡಿ. ಅಲ್ಲಿ ಇರುವುದು ಬೂದುಬಣ್ಣ.

ತುಪ್ಪಳ

ಗಾಢದಿಂದ ತಿಳಿಯ ಕಡೆಗೆ ಮೂರು ಪದರ. ಮೊದಲ ಪದರದಲ್ಲಿ ಕೂದಲೇ ಬೇಡ. ಚಪ್ಪಟೆ ಬ್ರಷ್ಷಿನಿಂದ ನೆರಳಿನ ದೊಡ್ಡ ಭಾಗಗಳನ್ನು ಮಾತ್ರ ಹಾಕಿ. ಎರಡನೆಯದರಲ್ಲಿ ಕೆದರಿದ ಬ್ರಷ್ಷಿನಿಂದ ನಡುಬಣ್ಣ. ಮೂರನೆಯದರಲ್ಲಿ ಲೈನರ್‌ನಿಂದ ಬೆಳಕು ಬಿದ್ದ ಕಡೆ ಮಾತ್ರ ಎಳೆಗಳು. ಮೈತುಂಬ ಎಳೆ ಎಳೆದರೆ ಮುಳ್ಳುಹಂದಿಯಾಗುತ್ತದೆ. ಒಣಗಿದಾಗ ಅಕ್ರಿಲಿಕ್ ಒಂದು ಛಾಯೆ ಗಾಢವಾಗುತ್ತದೆ, ತಿಳಿಬಣ್ಣವನ್ನು ಅದಕ್ಕೆ ತಕ್ಕಂತೆ ಬೆರೆಸಿ. ನೀರು ಜಾಸ್ತಿ ಸುರಿದರೆ ಬಣ್ಣವನ್ನು ಹಿಡಿದಿಡುವ ಅಂಟು ತೆಳುವಾಗಿ ಮೇಲಿನ ಪದರ ಎದ್ದುಬರಬಹುದು. ತೆಳು ಲೇಪಕ್ಕೆ ನೀರಿನ ಬದಲು ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ತೆಳುವಾಗಿಸುವ ಪಾರದರ್ಶಕ ಅಕ್ರಿಲಿಕ್ ದ್ರವ) ಬಳಸಿ.

ಕೂದಲಿನ ದಿಕ್ಕು ತಪ್ಪಿದರೆ ಮುಖದ ಆಕಾರವೇ ಕೆಡುತ್ತದೆ. ಮೂಗಿನ ದಿಣ್ಣೆಯಿಂದ ಹಣೆಯ ಕಡೆಗೆ ಮೇಲಕ್ಕೆ, ಹುಬ್ಬಿನ ಮೇಲೆ ಕವಲೊಡೆದು ಕಿವಿಗಳ ಕಡೆಗೆ, ಕೆನ್ನೆಯಲ್ಲಿ ಹಿಂದಕ್ಕೂ ಕೆಳಕ್ಕೂ ಹರಿಯುತ್ತದೆ. ಬಣ್ಣಕ್ಕೆ ಮೊದಲು ಫೋಟೊದ ಮೇಲೆಯೇ ಪೆನ್ನಿನಿಂದ ಬಾಣದ ಗುರುತು ಹಾಕಿಕೊಳ್ಳಿ.

ಕಪ್ಪು ನಾಯಿ ಹೆದರಿಸುತ್ತದೆ, ನಿಜ. ಅಂಬರ್-ಅಲ್ಟ್ರಾಮರೀನ್ ಮಿಶ್ರಣದಲ್ಲಿ ಅಂಬರ್ ಹೆಚ್ಚಾದರೆ ಬಿಸಿ ಕಪ್ಪು, ನೀಲಿ ಹೆಚ್ಚಾದರೆ ತಣ್ಣನೆ ಕಪ್ಪು. ನೆರಳಿಗೆ ಮೊದಲನೆಯದು. ಕಿಟಕಿಯ ಕಡೆಗಿರುವ ಬೆನ್ನು, ನೆತ್ತಿಗೆ ಎರಡನೆಯದಕ್ಕೆ ಬಿಳಿ ಬೆರೆಸಿದ ನೀಲಿಬೂದು. ಬಿಳಿ ನಾಯಿಯದು ಇದಕ್ಕೆ ತಿರುಗುಮುರುಗು: ಮುಕ್ಕಾಲು ಪಾಲು ಬೂದು, ಆಕರ್ ಬೆರೆತ ಕೆನೆಬಣ್ಣ. ಟ್ಯೂಬಿನ ಬಿಳಿ ಕೊನೆಯ ಕೆಲವು ಗೀಟುಗಳಿಗೆ ಮಾತ್ರ.

ಬಾಗಲಕೋಟೆ ಕಡೆಯ ಮುಧೋಳ ನಾಯಿಯದು ಬೇರೆಯೇ ಲೆಕ್ಕ. ಅಂಚೆ ಇಲಾಖೆ 2005ರಲ್ಲಿ ಚೀಟಿ ತಂದ ದೇಸಿ ತಳಿಗಳಲ್ಲಿ ಇದೂ ಒಂದು. ಕೂದಲು ಗಿಡ್ಡ, ಮೈಗೆ ಅಂಟಿದಂತಿರುತ್ತದೆ, ಎಳೆ ಎಳೆಯಲು ಅಲ್ಲಿ ಏನೂ ಇಲ್ಲ. ಉದ್ದ ಮೂತಿ, ಆಳವಾದ ಎದೆ, ಚರ್ಮದಡಿಯ ಸ್ನಾಯುಗಳನ್ನು ನೆರಳು-ಬೆಳಕಿನಲ್ಲೇ ತೋರಿಸಬೇಕು. ಎದುರಿನಿಂದ ಬರೆದರೆ ತಲೆ ಸಣಕಲಾಗಿ ಕಾಣುತ್ತದೆ, ಪಕ್ಕನೋಟ ಅದಕ್ಕೆ ಒಪ್ಪುತ್ತದೆ.

ಮೀಸೆ ಎಲ್ಲಕ್ಕಿಂತ ಕೊನೆಗೆ. ಬಣ್ಣ ಶಾಯಿಯಷ್ಟು ತೆಳುವಾಗಿರಲಿ, ಲೈನರ್ ಅನ್ನು ಬುಡದಿಂದ ತುದಿಗೆ ಒಂದೇ ಉಸಿರಿಗೆ ಎಳೆದು ಎತ್ತಿಬಿಡಿ. ಅನುಮಾನಿಸುತ್ತ ಎಳೆದ ಮೀಸೆ ತಂತಿಯಂತೆ ಕಾಣುತ್ತದೆ. ಮೂರು ದಿನ ಒಣಗಿಸಿ ಅರೆಹೊಳಪಿನ ಸ್ಯಾಟಿನ್ ವಾರ್ನಿಷ್ ಹಚ್ಚಿ. ಹೊಳಪಿನದನ್ನು ಹಚ್ಚಿದರೆ ಬಯಲಿನ ಬೆಳಕಿನಲ್ಲಿ ಕಪ್ಪು ನಾಯಿಯ ಬದಲು ಆಕಾಶ ಕಾಣುತ್ತದೆ.

ಸಂತೆಯಲ್ಲಿ

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಸೇರುತ್ತದೆ. ಮಳಿಗೆಗೆ ಮುಂಚಿತವಾಗಿಯೇ ಅರ್ಜಿ ಹಾಕಬೇಕು, ಪರಿಷತ್ತಿನ ಪ್ರಕಟಣೆಯ ಮೇಲೆ ಕಣ್ಣಿಡಿ. ಮೊದಲ ಸಲದವರಿಗೆ ಅಪಾರ್ಟ್‌ಮೆಂಟಿನ ಮೇಳ, ನಾಯಿಮರಿ ದತ್ತು ಶಿಬಿರ, ಶ್ವಾನ ಪ್ರದರ್ಶನಗಳೂ ಒಳ್ಳೆಯವು. ಅಲ್ಲಿಗೆ ಬರುವವರೆಲ್ಲ ಪ್ರಾಣಿ ಸಾಕಿದವರೇ.

ಎಲ್ಲೇ ಹೋದರೂ ಒಂದು ಮಾತು ನೆನಪಿರಲಿ: ಬೇರೆಯವರ ಮನೆಯ ನಾಯಿಯ ಚಿತ್ರವನ್ನು ಯಾರೂ ದುಡ್ಡು ಕೊಟ್ಟು ತಮ್ಮ ಗೋಡೆಗೆ ಹಾಕಿಕೊಳ್ಳುವುದಿಲ್ಲ. ಇಪ್ಪತ್ತು ಭಾವಚಿತ್ರ ಹೊತ್ತೊಯ್ದು ಇಪ್ಪತ್ತನ್ನೂ ವಾಪಸು ತರುವುದು ಇದಕ್ಕೇ. ಮಳಿಗೆ ಇರುವುದು ಆರ್ಡರ್ ಹಿಡಿಯಲು. ನಾಲ್ಕೈದು ಭಾವಚಿತ್ರ ಸಾಕು: ಒಂದು ಕಪ್ಪು ನಾಯಿ, ಒಂದು ಬಿಳಿ, ಒಂದು ಬೆಕ್ಕು, ಎರಡು ಪ್ರಾಣಿಗಳು ಒಟ್ಟಿಗಿರುವುದು ಒಂದು. ಪ್ರತಿಯೊಂದರ ಪಕ್ಕ ಮೂಲ ಫೋಟೊವನ್ನೂ ತೂಗುಹಾಕಿ. ಜನ ನಿಂತು ಎರಡನ್ನೂ ಹೋಲಿಸುತ್ತಾರೆ, ಆಮೇಲೆ ತಮ್ಮ ಫೋನ್ ತೆಗೆಯುತ್ತಾರೆ. ಕೈಯಲ್ಲೇ ಮಾರಾಟಕ್ಕೆ ಬೇಕಾದರೆ ಯಾರ ಮನೆಯದೂ ಅಲ್ಲದ ಪ್ರಾಣಿಗಳನ್ನು ಸಣ್ಣ ಅಳತೆಯಲ್ಲಿ ಬರೆಯಿರಿ: ಟೀ ಅಂಗಡಿ ಮುಂದೆ ಮಲಗಿದ ಬೀದಿನಾಯಿ, ಕಾಂಪೌಂಡಿನ ಮೇಲಿನ ಬೆಕ್ಕು, ಮುಧೋಳ.

ಆರ್ಡರ್ ಮೇಲೆ ಬರೆದುಕೊಟ್ಟ ಚಿತ್ರವನ್ನು ಪ್ರದರ್ಶನಕ್ಕೆ ಇಡುವ ಮೊದಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಅದರ ಪ್ರಿಂಟ್ ಮಾಡಿ ಮಾರುವ ಹಕ್ಕು ನಿಮಗಿರುವುದಿಲ್ಲ. ಆರ್ಡರ್ ಫಾರಂನಲ್ಲೇ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಂಡರೆ ಮುಗಿಯಿತು.

ದರವನ್ನು ಚದರ ಇಂಚಿಗೆ ಇಷ್ಟು ಎಂದು ಹಾಕಿಕೊಂಡರೆ ಚೌಕಾಸಿಗೆ ಎಡೆ ಕಡಿಮೆ. ಉದಾಹರಣೆಗೆ ಚದರ ಇಂಚಿಗೆ 15 ರೂಪಾಯಿ ಅಂದುಕೊಂಡರೆ 12×16ಕ್ಕೆ 2,880 ರೂಪಾಯಿ. ಎರಡನೇ ಪ್ರಾಣಿಗೆ ಹೆಚ್ಚುವರಿ ಎಷ್ಟು ಎಂದು ಫಲಕದಲ್ಲೇ ಬರೆದಿಡಿ. ಅರ್ಧ ಮುಂಗಡ ತೆಗೆದುಕೊಳ್ಳಿ. ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು, ಹಾಗಾಗಿ ಯುಪಿಐ ಕ್ಯೂಆರ್ ಜೊತೆಗೆ ಚಿಲ್ಲರೆಯೂ ಕಾರ್ಬನ್ ಹಾಳೆಯ ರಸೀದಿ ಪುಸ್ತಕವೂ ಬೇಕು. ಫಾರಂನಲ್ಲಿ ಪ್ರಾಣಿಯ ಹೆಸರು, ಕಣ್ಣಿನ ಬಣ್ಣ, ಅಳತೆ, ಕೊಡುವ ದಿನ ಇರಲಿ, ಜೊತೆಗೆ ಪ್ರಾಣಿ ಬದುಕಿದೆಯೋ ಇಲ್ಲವೋ ಎಂಬುದೂ. ತೀರಿಕೊಂಡ ನಾಯಿಯಾದರೆ ಹೊಸ ಫೋಟೊ ಸಿಗುವುದಿಲ್ಲ. ಇರುವ ಮಸುಕು ಫೋಟೊದಿಂದ 12×16 ಬರೆಯಲಾಗದಿದ್ದರೆ ಅಲ್ಲೇ ಹೇಳಿ, 6×8ಕ್ಕೆ ಒಪ್ಪಿಸಿ.

ತಂತಿಜಾಲರಿಯ ಸ್ಟ್ಯಾಂಡು, ಎಸ್ ಕೊಕ್ಕೆಗಳು, ಕಾಲಿಗೆ ಕಟ್ಟಲು ಎರಡು ಮರಳಿನ ಚೀಲ ಒಯ್ಯಿರಿ. ಕ್ಯಾನ್ವಾಸುಗಳಿಗೆ ಗಾಳಿ ತಗುಲಿದರೆ ಸ್ಟ್ಯಾಂಡು ಮುಂದಕ್ಕೆ ಮಗುಚುತ್ತದೆ. ಬಿಸಿಲಿಗೆ ಕಾದ ಅಕ್ರಿಲಿಕ್ ಮೆತ್ತಗಾಗಿ ಅಂಟುವ ಗುಣದ್ದು. ಬಬಲ್ ಕವರನ್ನು ನೇರವಾಗಿ ಸುತ್ತಿದರೆ ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಒತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಮೇಣ ಹಚ್ಚದ ಬಟರ್ ಪೇಪರ್, ಅದರ ಮೇಲೆ ಗುಳ್ಳೆಗಳು ಹೊರಮುಖವಾಗಿರುವಂತೆ ಬಬಲ್ ಕವರ್, ಎರಡೂ ಬದಿಗೆ ರಟ್ಟು.